ವೈಪರ್ ನಿಂತ ಜಾಗ

ಕಾರಿನ ಒದ್ದೆ ಮ್ಯಾಟಿನ ವಾಸನೆ, ಅದರೊಳಗೆ ಅಣ್ಣನ ತಲೆಯೆಣ್ಣೆಯ ವಾಸನೆಯೂ, ಅದು ಸೀಟಿನಿಂದ ಬರುತ್ತಿದೆ, ಆ ಕಡೆ ನೋಡಬಾರದು, ಮೆಕ್ಯಾನಿಕ್ ತಮ್ಮನಿಗೆ ಬೇಕಾದದ್ದು ವೈಪರ್ ಮೋಟಾರು ಮಾತ್ರ — ಗಾಜಿನ ಬುಡದಲ್ಲಿ ಎರಡು ವೈಪರ್ ಕಡ್ಡಿಗಳು ಪಕ್ಕಪಕ್ಕ ಮಲಗಿವೆ, ಅಣ್ಣ ಮರಕ್ಕೆ ಗುದ್ದಿದ ದಿನ ಇದ್ದ ಹಾಗೆಯೇ, ಅವನ ತಲೆ ತಗುಲಿದ ಕಡೆ ಗಾಜು ಬಲೆಯ ಹಾಗೆ ಬಿರಿದಿದೆ. ಮೆಟ್ಟಿಲ ಮೇಲೆ ಕೂತ ಅಮ್ಮನದು ಬೆಳಿಗ್ಗೆಯಿಂದ ಒಂದೇ ಮಾತು, ವೈಪರ್ರೇ ಕೈ ಕೊಟ್ಟಿರ್ಬೇಕು ಕಣೋ, ಅಂಥಾ ಮಳೇಲಿ ಅವ್ನಿಗೆ ರಸ್ತೆ ಎಲ್ಲಿ ಕಾಣ್ಬೇಕು, ನೋಡ್ತಿದೀನಮ್ಮ ಎಂದ ಇವನು, ಹಾಗೇ ಆಗಿರಲಿ ದೇವರೇ, ಈ ಹಾಳು ಮೋಟಾರು ಸುಟ್ಟುಹೋಗಿರಲಿ. ಅಣ್ಣನೇ ಫೋನು ಮಾಡಿದ್ದನಲ್ಲ, ಲೋ ಡಾಕ್ಟ್ರೇ, ಊರವ್ರ ಗಾಡಿಗೆಲ್ಲ ಜೀವ ಕೊಡ್ತೀಯ, ನನ್ ಗಾಡಿ ವೈಪರ್ ಒಂದೊಂದ್ಸಲ ಮುಷ್ಕರ ಹೂಡುತ್ತೆ, ಭಾನುವಾರ ತಗೊಂಬಾ ಅಣ್ಣ — ಭಾನುವಾರ ಅವನು ಬರಲಿಲ್ಲ, ಇವನು ಕೇಳಲಿಲ್ಲ. ಸರಿ, ತಪ್ಪು ತನ್ನದೇ ಆಗಲಿ, ಬದುಕಿರುವಷ್ಟು ದಿನ ಹೊತ್ತು ತಿರುಗುತ್ತಾನೆ, ಆ ಇನ್ನೊಂದು ಮಾತ್ರ ಬೇಡ. ಅತ್ತಿಗೆ ಒಂದೇ ಸಲ ಕೇಳಿದ್ದಳು, ವಾಪಸ್ ಬರೋರು ಮನೆ ಬೀಗದಕೈ, ವಾಚು, ಎರಡೂ ದಿಂಬಿನ ಕೆಳಗಿಟ್ಟು ಹೋಗ್ತಾರಾ ಎಂದು.

ವೈಪರ್ ಸ್ವಿಚ್ಚು ಆಫ್‌ನಲ್ಲೇ ಇತ್ತು, ಕಾರನ್ನು ಎಳೆದು ತಂದವರು ಯಾರೋ ತಿರುಗಿಸಿರಬಹುದು, ತಿರುಗಿಸಿರುತ್ತಾರೆ, ಅದನ್ನು ನಂಬೋ ಹಾಗಿಲ್ಲ. ಫ್ಯೂಸ್ ಬೆಳಕಿಗೆ ಹಿಡಿದರೆ ಒಳಗಿನ ತಂತಿ ಗಟ್ಟಿಯಾಗಿದೆ. ಮರಕ್ಕೆ ಗುದ್ದಿದ ರಭಸಕ್ಕೆ ಬ್ಯಾಟರಿ ಕಿತ್ತುಬಂದಿತ್ತು, ಬೇರೆ ಬ್ಯಾಟರಿ ಜೋಡಿಸಿ, ಮೋಟಾರಿನ ಕನೆಕ್ಟರ್ ಬಿಚ್ಚಿ, ಸ್ವಿಚ್ ಹಾಕಿ ಟೆಸ್ಟ್ ಲ್ಯಾಂಪ್ ಮುಟ್ಟಿಸಿದ, ಉರಿಯಿತು, ಅಲ್ಲಿಯವರೆಗೂ ಕರೆಂಟ್ ಬರುತ್ತಿದೆ, ಅಂದರೆ ಸ್ವಿಚ್ಚೂ ಸರಿ, ಆಫ್ ಮಾಡಿದ. ಅರ್ಥ್ ವೈರಿನ ಬೋಲ್ಟು — ಹಸಿರು ಕಿಲುಬು, ಕರೆಂಟ್ ತಡೆದದ್ದು ಇದೇ! ಜೀವ ಬಂದ ಹಾಗಾಯಿತು, ಸಿಕ್ಕಿತು ಅಣ್ಣ, ಸಿಕ್ಕಿತು, ನನ್ನದೇ ತಪ್ಪು. ಕಿಲುಬು ಉಜ್ಜಲಿಲ್ಲ, ಇದ್ದದ್ದು ಇದ್ದ ಹಾಗೇ ಕನೆಕ್ಟರ್ ಸಿಕ್ಕಿಸಿದ, ಸ್ವಿಚ್ ಹಾಕಿದ, ಕಡ್ಡಿಗಳು ಎದ್ದವು, ಒಣ ಗಾಜಿನ ಮೇಲೆ ಕಿರ್ ಎಂದು ಹೋದವು, ಬಂದವು, ಆಫ್ ಮಾಡಿದರೆ ಬುಡಕ್ಕೆ ಬಂದು ಮಲಗಿದವು. ಮತ್ತೆ ಹಾಕಿದ, ಎದ್ದವು. ಮುಷ್ಕರ ಹೂಡೋ, ಒಂದೇ ಒಂದು ಸಲ, ಸ್ಪ್ಯಾನರ್‌ನಿಂದ ಮೋಟಾರಿಗೆ ಕುಟ್ಟಿದ, ಅಲುಗಾಡಿಸಿದ, ಬೈದ, ಅದು ನಿಲ್ಲಲೇ ಇಲ್ಲ. ಓಡುತ್ತಿದ್ದಿದ್ದರೆ ಬ್ಯಾಟರಿ ಕಿತ್ತ ಗಳಿಗೆಯಲ್ಲಿ ಗಾಜಿನ ನಡುವೆ ಎಲ್ಲೋ ನಿಲ್ಲಬೇಕಿತ್ತು, ಕೆಟ್ಟಿದ್ದಿದ್ದರೆ ಅಣ್ಣ ಗಾಡಿ ಬದಿಗೆ ಹಾಕಿ, ಲೋ ಡಾಕ್ಟ್ರೇ, ಎಂದು ಫೋನು ಮಾಡುತ್ತಿದ್ದ, ನಾಲ್ಕು ಹನಿ ಬಿದ್ದರೂ ವೈಪರ್ ಹಾಕುವ ಅಣ್ಣ, ಆ ಮಳೆಯಲ್ಲಿ ಹಾಕಿಯೇ ಇಲ್ಲ, ನೋಡುವುದೇ ಬೇಡ ಎಂದು ಹೋಗಿದ್ದಾನೆ — ಯಾಕಣ್ಣ, ನನಗಾದರೂ ಹೇಳಬಾರದಿತ್ತಾ. ಏನಾಗಿತ್ತೋ ಅದಕ್ಕೆ, ಎನ್ನುತ್ತ ಅಮ್ಮ ಎದ್ದು ಬರುತ್ತಿದ್ದಾಳೆ, ಗೋಡೆ ಹಿಡಿದುಕೊಂಡು, ಅವನ ಒಂದು ಕೈ ಸ್ವಿಚ್ಚಿಗೆ ಹೋಯಿತು, ಕಡ್ಡಿಗಳು ಎದ್ದವು, ಇನ್ನೊಂದು ಕೈ ಅರ್ಥ್ ವೈರನ್ನು ಕಿತ್ತಿತು. ಕಡ್ಡಿಗಳು ಗಾಜಿನ ನಟ್ಟನಡುವೆ ನಿಂತವು. ನೋಡಮ್ಮ, ಹೀಗೇ ಅರ್ಧಕ್ಕೆ ನಿಂತುಬಿಟ್ಟಿತ್ತು, ನಾನು ಆ ಭಾನುವಾರವೇ ನೋಡ್ಬೇಕಿತ್ತು, ನಂದೇ ತಪ್ಪು. ಅಮ್ಮ ಬಿರಿದ ಗಾಜನ್ನು ಸವರಿದಳು, ನನ್ ಮಗುಗೆ ರಸ್ತೇನೇ ಕಾಣ್ಲಿಲ್ಲ, ನೀನೊಂದ್ಸಲ ನೋಡಿದ್ದಿದ್ರೆ, ಎಂದು ಅವನ ಹೆಗಲಿಗೆ ಹೊಡೆಯುತ್ತ ಅತ್ತಳು, ಹೊಡಿ ಅಮ್ಮ, ಇನ್ನೂ ಹೊಡಿ. ಬಾಗಿಲಲ್ಲಿ ಅತ್ತಿಗೆ. ಆ ದಿನ ಮರದ ಹತ್ತಿರ ಓಡಿಹೋಗಿ ಕಾರನ್ನು ಮೊದಲು ನೋಡಿದವಳು ಅವಳೇ. ನಿಂತ ಕಡ್ಡಿಗಳನ್ನು ನೋಡಿದಳು, ಅವನ ಕೈಯಲ್ಲಿದ್ದ ವೈರನ್ನು ನೋಡಿದಳು, ಬನ್ನಿ ಅತ್ತೆ, ಗೊತ್ತಾಯ್ತಲ್ಲ, ಒಳಗೆ ಹೋಗೋಣ. ಬಾಗಿಲು ಹಾಕಿಕೊಂಡಿತು. ಕಡ್ಡಿಗಳು ನಿಂತಿವೆ, ಕಣ್ಣು ಮುಚ್ಚಿದರೆ ಮಲಗಿವೆ, ಗಾಜಿನ ಬುಡದಲ್ಲಿ, ಪಕ್ಕಪಕ್ಕ, ಮಳೆ ಸುರಿಯುತ್ತಿದೆ, ಮರ ಹತ್ತಿರ ಬರುತ್ತಿದೆ, ಅವು ಮಲಗಿಯೇ ಇವೆ.