ಮಾಸ್ಕ್ ಯಾಕೆ ಇಳಿಸಿದರು ಅಂತ ಕೇಳಿದಿರಾ?

ಕಲ್ಲು ಕೊಯ್ಯುವ ಶೆಡ್ಡಿನವರ ಬೀದಿಯಲ್ಲಿ ಬೆಳಗಾಗುವುದೇ ಕೆಮ್ಮಿನಿಂದ. ಒಂದು ಮನೆಯಲ್ಲಿ ಶುರುವಾದರೆ ಗೋಡೆಯಾಚೆಯ ಮನೆಯಿಂದ ಉತ್ತರ ಬರುತ್ತದೆ. ಅದನ್ನು ಅಲ್ಲಿ ಯಾರೂ ಕಾಯಿಲೆ ಎನ್ನುವುದಿಲ್ಲ. "ಸ್ವಲ್ಪ ಧೂಳು ಒಳಗೆ ಹೋಗಿದೆ ಅಷ್ಟೆ" ಎನ್ನುತ್ತಾರೆ. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸಿನ ಗಂಡನೂ ಹಾಗೆಯೇ ಹೇಳುತ್ತಿದ್ದ. ಹೇಳುತ್ತ ಹೇಳುತ್ತಲೇ ಹೋಗಿಬಿಟ್ಟ, ಪುಣ್ಯಾತ್ಮ. ಈಗ ಅದೇ ಮಾತನ್ನು ಅವಳ ತಮ್ಮ ಹೇಳತೊಡಗಿದ್ದ. ಒಂದು ಬಕೆಟ್ ನೀರು ತಂದರೆ ಸಾಕು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಅದನ್ನು ಕಂಡಾಗಲೆಲ್ಲ ದೊಡ್ಡಕ್ಕನಿಗೆ ಗಂಡನೇ ನೆನಪಾಗುತ್ತಿದ್ದ.

ಅಂಥದ್ದೊಂದು ಬೆಳಿಗ್ಗೆ ನರ್ಸಮ್ಮ ಬಂದು ಮೆಟ್ಟಿಲ ಮೇಲೆ ಕೂತಳು.

"ದೊಡ್ಡಕ್ಕ, ಧೂಳಿನ ಕಾಯಿಲೆ ಬಗ್ಗೆ ಆಸ್ಪತ್ರೆಯವರು ಹೊಸದಾಗಿ ಅಧ್ಯಯನ ಮಾಡ್ತಾರಂತೆ. ಹೇಗೆ ಮಾಡ್ಬೇಕು ಅಂತ ಮಾತಾಡೋಕೆ ನೀವೂ ಬರ್ಬೇಕು."

"ಬಂದ್ರಾ ಮತ್ತೆ?" ದೊಡ್ಡಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದಳು. "ಹೋದ ಸಲ ಉಸಿರು ಪರೀಕ್ಷೆ ಅಂತ ನಮ್ಮೆಜಮಾನ್ರ ಹತ್ರ ಕೊಳವೇಲಿ ಊದಿಸ್ಕೊಂಡು ಹೋದ್ರಲ್ಲ, ಏನು ಗೊತ್ತಾಯ್ತು ಅಂತ ಒಬ್ರಾದ್ರೂ ಬಂದು ಹೇಳಿದ್ರಾ? ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗ್ಲಿಲ್ಲ. ನಾವೇನು ಪ್ರಯೋಗದ ಇಲಿಗಳಾ?"

ನರ್ಸಮ್ಮ ವಾದಕ್ಕಿಳಿಯಲಿಲ್ಲ. "ಹೇಳ್ಲಿಲ್ಲ, ನಿಜ. ತಪ್ಪೇ ಅದು. ಅದಕ್ಕೇ ಈ ಸಲ ಊದಿಸೋಕೆ ಮುಂಚೇನೇ ಕರೀತಿರೋದು. ಏನು ಹುಡುಕ್ಬೇಕು, ಸಿಕ್ಕಿದ್ದನ್ನ ಯಾರಿಗೆ ಹೇಳ್ಬೇಕು, ಎಲ್ಲ ನೀವೂ ಕೂತು ತೀರ್ಮಾನ ಮಾಡಿ."

ತಮ್ಮ ಒಳಗಿನಿಂದಲೇ ನಕ್ಕ. ನಗು ಕೆಮ್ಮಾಯಿತು. "ಅವರು ಓದಿದೋರು ನರ್ಸಮ್ಮ. ನಮ್ಮಕ್ಕ ಹೋಗಿ ಅಲ್ಲೇನು ಕಡಿದು ಕಟ್ಟೆ ಹಾಕ್ತಾಳೆ?"

"ಕಾಯಿಲೆ ಹೇಗೆ ಬರುತ್ತೆ ಅಂತ ಅವರು ಓದಿದಾರಪ್ಪ. ಅದನ್ನ ಇಟ್ಕೊಂಡು ದಿನಾ ಕೆಲಸಕ್ಕೆ ಹೋಗೋದು ಹೇಗೆ ಅಂತ ನಿಮಗೆ ತಾನೆ ಗೊತ್ತು? ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಎದ್ದು ಬನ್ನಿ. ನಿಮ್ಮ ಔಷಧಿಗೆ, ಚಿಕಿತ್ಸೆಗೆ ಏನೂ ತೊಂದರೆ ಆಗಲ್ಲ."

ದೊಡ್ಡಕ್ಕ ಹೋದಳು. ನಂಬಿಕೆಯಿಂದೇನೂ ಅಲ್ಲ, ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತು ಆಡಿ ಬರಲೆಂದು.

ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಶೆಡ್ಡಿನ ಏಳೆಂಟು ಜನ, ಕುರ್ಚಿಯ ತುದಿಯಲ್ಲಿ ಕೂತವರು. ಇನ್ನೊಂದು ಬದಿಗೆ ಅಧ್ಯಯನ ನಡೆಸುವ ಡಾಕ್ಟರಮ್ಮ, ಪಕ್ಕದಲ್ಲಿ ಅವರ ಸಹಾಯಕರು. ಡಾಕ್ಟರಮ್ಮನೇ ಮಾತು ಶುರು ಮಾಡಿದರು. "ಹೋದ ಸಲ ಒಳ್ಳೆ ಮಾಸ್ಕ್ ಕೊಟ್ಟಿದ್ವಿ. ಸುಮಾರು ಜನ ಗದ್ದದ ಕೆಳಗೆ ಇಳಿಸ್ಕೊಂಡೇ ಕೆಲಸ ಮಾಡಿದ್ರು ಅಂತ ಆಮೇಲೆ ಮಾಲೀಕರು ಹೇಳಿದ್ರು. ಈ ಸಲ ಅದನ್ನ ಹಾಕೋ ಅಭ್ಯಾಸ ಹೇಗೆ ಮಾಡ್ಸೋದು ಅಂತ ನೋಡೋಣ ಅಂತ."

"ಯಾಕೆ ಇಳಿಸಿದ್ರು ಅಂತ ಕೇಳಿದ್ರಾ?" ಎಂದಳು ದೊಡ್ಡಕ್ಕ.

ಡಾಕ್ಟರಮ್ಮ ಪಕ್ಕದವರ ಮುಖ ನೋಡಿದರು. "ಇಲ್ಲ. ಕೇಳ್ಲಿಲ್ಲ."

"ಯಂತ್ರ ಓಡ್ತಿದ್ರೆ ಕಿವಿ ಹತ್ರ ಕೂಗಿದ್ರೂ ಕೇಳಲ್ಲಮ್ಮ. ನಾವು ಮಾತಾಡೋದು ತುಟಿ ನೋಡ್ಕೊಂಡು. ಚಪ್ಪಡಿ ಆ ತುದಿ ಹಿಡಿದೋನು 'ಎತ್ತು' ಅಂದ್ನೋ 'ಬಿಡು' ಅಂದ್ನೋ, ತುಟೀಲೇ ತಿಳೀಬೇಕು. ಬಾಯಿ ಮುಚ್ಕೊಂಡ್ರೆ ಕಲ್ಲು ಕಾಲ್ಮೇಲೇ. ಮುಂದೆ ಬರೋ ಕಾಯಿಲೆಗೆ ಹೆದರ್ಲಾ, ಈಗ ಬೀಳೋ ಕಲ್ಲಿಗೆ ಹೆದರ್ಲಾ?"

ಅಲ್ಲ, ಡಾಕ್ಟರಮ್ಮನಿಗೆ ಇದು ತಿಳಿಯುವುದಾದರೂ ಹೇಗೆ? ಅವರು ಹೋದ ಸಲ ಶೆಡ್ಡಿಗೆ ಬಂದ ದಿನ ದೊಡ್ಡೋರು ಬರುತ್ತಾರೆಂದು ಯಂತ್ರ ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ, ಮುಖ ತೊಳೆದು, ಮಾಸ್ಕ್ ಹಾಕಿ ಸಾಲಾಗಿ ನಿಂತಿದ್ದವರು ಈ ಶೆಡ್ಡಿನವರೇ ತಾನೆ? ಮರ್ಯಾದೆ ಕೊಡಲು ಹೋಗಿ ನಿಜವನ್ನೇ ಗುಡಿಸಿ ಹಾಕಿದ್ದರು. ದೊಡ್ಡಕ್ಕ ಅದನ್ನೂ ಬಾಯಿಬಿಟ್ಟು ಹೇಳಿದಳು.

ಆಮೇಲೆ ಮಾತು ಸರಾಗವಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಒಣ ನೆಲ ಗುಡಿಸಿದರೆ ಅದು ಗಾಳಿಗೆ ಏಳುತ್ತದೆ ಎಂದರು ಡಾಕ್ಟರಮ್ಮ. ಯಂತ್ರ ನಿಂತಿತಲ್ಲ, ಇನ್ನೇನು ಭಯ ಎಂದು ಮಾಸ್ಕ್ ಇಲ್ಲದೆ ದಿನಾ ಶೆಡ್ಡಿನ ನೆಲ ಗುಡಿಸುತ್ತಿದ್ದವಳು ದೊಡ್ಡಕ್ಕನೇ. ಕೊಯ್ಯುವಾಗ ಕಲ್ಲಿಗೆ ನೀರು ಬಿಡುವುದು, ನೆಲ ಒದ್ದೆ ಮಾಡಿಯೇ ಗುಡಿಸುವುದು, ತುಟಿಯ ಬದಲು ಎಲ್ಲರೂ ಒಪ್ಪಿದ ಕೈಸನ್ನೆ ಬಳಸುವುದು, ಇದರಿಂದ ಧೂಳು ಎಷ್ಟು ಕಡಿಮೆಯಾಗುತ್ತದೆಂದು ಯಂತ್ರ ಓಡುವಾಗಲೇ ಅಳೆಯುವುದು ಎಂದು ಎರಡೂ ಬದಿಯವರು ಸೇರಿ ಗೊತ್ತುಮಾಡಿದರು.

"ಇನ್ನೊಂದು ಮಾತು," ಎಂದಳು ದೊಡ್ಡಕ್ಕ. "ಏನು ಗೊತ್ತಾಯ್ತು ಅಂತ ಊದಿದೋರ ಮನೆಗೆ ಮೊದಲು ಬಂದು ಹೇಳ್ಬೇಕು. ನಮಗೆ ಅರ್ಥ ಆಗೋ ಹಾಗೆ. ಇಲ್ಲಾಂದ್ರೆ ಯಾರೂ ಊದಲ್ಲ."

"ಆಯ್ತು," ಎಂದರು ಡಾಕ್ಟರಮ್ಮ.

"ನಮ್ಮೆಜಮಾನ್ರದ್ದು ಏನಿತ್ತು?"

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು. "ಆಗ್ಲೇ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿತ್ತು ತಾಯಿ. ಅವತ್ತೇ ನಿಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ, ಕ್ಷಮಿಸಿ." ದೊಡ್ಡಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮನೆಗೆ ಬಂದು ತಮ್ಮನಿಗೆ ಎಲ್ಲ ಹೇಳಿದಳು. ಅವನು ನಗಲಿಲ್ಲ. ಮರುದಿನ ತಾನೇ ಹೋಗಿ ಊದಿ ಬಂದ. ಆ ವಾರವೇ ಡಾಕ್ಟರಮ್ಮ ನರ್ಸಮ್ಮನ ಜೊತೆ ಮನೆಗೆ ಬಂದು, ಚಾಪೆಯ ಮೇಲೆ ಕೂತು ವಿವರಿಸಿದರು. ಅವನಿಗೂ ಪೆಟ್ಟು ಬಿದ್ದಿದೆ. ಹಾಳಾದದ್ದು ಮತ್ತೆ ಬರುವುದಿಲ್ಲ. ಈಗಲೇ ಧೂಳಿನಿಂದ ದೂರ ಸರಿದು ಚಿಕಿತ್ಸೆ ತೆಗೆದುಕೊಂಡರೆ ಉಳಿದದ್ದನ್ನು ಕಾಪಾಡಿಕೊಳ್ಳಲು ನೋಡಬಹುದು. ತಮ್ಮ ಕೊಯ್ಯುವ ಕೆಲಸ ಬಿಟ್ಟು, ಗೇಟಿನ ಬಳಿ ಚಪ್ಪಡಿ ಅಳೆಯುವ ಕೆಲಸಕ್ಕೆ ಸರಿದ.

"ಭಾವಂಗೂ ಹಿಂಗೇ ಬಂದು ಹೇಳಿದ್ದಿದ್ರೆ, ಅಕ್ಕ?" ಎಂದು ಅವನು ಒಮ್ಮೆ ಕೇಳಿದ.

"ಇರ್ತಿದ್ರೋ ಏನೋ," ಎಂದಳು ಅವಳು. "ನೀನಿದ್ದೀಯಲ್ಲ. ಮುಂದಿನ ಸಲ ಸಭೆಗೆ ನೀನೂ ಬಾ."

ಓದುವವರೇ, ಕೇಳುವವರೇ, ನಿಮ್ಮ ಬೀದಿಗೂ ನಾಳೆ ಇಂಥ ಅಧ್ಯಯನದವರು ಬರಬಹುದು. ಓಡಿಸಬೇಡಿ, ಏನೂ ಕೇಳದೆ ಪರೀಕ್ಷೆಗೆ ಕೈಯನ್ನೂ ಚಾಚಬೇಡಿ. ಇದು ಯಾತಕ್ಕೆ, ನಮಗೇನು ಅಪಾಯ, ನಮಗೇನು ಉಪಯೋಗ ಎಂದು ಕೇಳಿ. ಒಪ್ಪಿಗೆಯಾಗದಿದ್ದರೆ ಬೇಡವೆನ್ನಿ, ಅದು ನಿಮ್ಮ ಹಕ್ಕು. ಒಪ್ಪಿದರೆ ಮೇಜಿನ ಬಳಿ ನಮಗೂ ಒಂದು ಕುರ್ಚಿ ಹಾಕಿ ಎನ್ನಿ, ನಿಮಗೆ ಗೊತ್ತಿರುವುದನ್ನು ಅಲ್ಲಿ ಬಿಚ್ಚಿ ಹೇಳಿ. ನಿಮ್ಮ ಮೈಯಿಂದ ತಿಳಿದ ಸುದ್ದಿ ಮೊದಲು ನಿಮ್ಮ ಮನೆಗೆ ಬರಬೇಕು, ನೀವು ಬದುಕಿರುವಾಗಲೇ ಬರಬೇಕು.