ಪರದೆಯ ಮೂಲೆಯ ಎಚ್ಚರಿಕೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಅವತ್ತು ಸಿಡುಕಿದ್ದಕ್ಕೆ ಕಾರಣವಿತ್ತು. ನಾವು ಮಾಡುವುದು ರೋಗಿಗೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರ. ಕೊಳವೆಯೊಳಗೆ ಗಾಳಿಗುಳ್ಳೆ ಬಂದರೆ ಅದು ಕೂಗಬೇಕು, ಪರದೆಯ ಮೇಲೆ ಎಚ್ಚರಿಕೆ ತೋರಿಸಬೇಕು. ಹನ್ನೆರಡು ಗಂಟೆಗೆ ನಾನು ಸಹಿ ಹಾಕಿದರೆ ಆರು ಯಂತ್ರಗಳು ಮಕ್ಕಳ ವಾರ್ಡಿಗೆ ಹೊರಡುತ್ತಿದ್ದವು. ಆ ವಾರ್ಡಿನ ನರ್ಸು ನನ್ನ ತಂಗಿ, ಒಬ್ಬಳೇ ಆರು ಹಾಸಿಗೆ ನೋಡುವವಳು. ಪರೀಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ತಾವೇ ಓಡಿ, ಪಾಸಾದ ಗುರುತಿಗೆ ಹಸಿರಾಗಿ ಕೂತಿದ್ದವು.

ಹತ್ತೂವರೆಗೆ ಅನುಮಾನದಕ್ಕ ಬಂದು ನನ್ನ ಮೇಜಿನ ಮುಂದೆ ನಿಂತರು. ಆ ಹೆಸರಿಟ್ಟವನು ನಾನೇ. ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ, ಅದು ಮುಚ್ಚಿದ ಮೇಲೆ ಯಂತ್ರ ಪರೀಕ್ಷಿಸುವ ಕೆಲಸ ಕಲಿತು ನಮ್ಮಲ್ಲಿಗೆ ಬಂದವರು.

“ಗುಳ್ಳೆ ಪರೀಕ್ಷೆ ಪಾಸಾಗ್ತಿದೆ,” ಅಂದರು.

“ಪಾಸಾದ್ರೆ ಸಂತೋಷ ಪಡ್ಬೇಕಲ್ವೇನಕ್ಕಾ?”

“ಗುಳ್ಳೆ ಗುರುತಿಸೋ ಸೆನ್ಸರಿನ ವೈರು ಕಿತ್ತಿದೀನಿ. ಆದ್ರೂ ಪಾಸಾಗ್ತಿದೆ.”

ಮೊಸರಲ್ಲಿ ಕಲ್ಲು ಹುಡುಕುವುದೆಂದರೆ ಇದೇ ಎಂದು ಗೊಣಗುತ್ತ ಎದ್ದೆ. ಆ ಪರೀಕ್ಷೆ ಬರೆದವನು ನಾನು. ಹೆತ್ತವರಿಗೆ ಹೆಗ್ಗಣ ಮುದ್ದು. ಓಡಿಸಿದೆ, ಹಸಿರು. ಇನ್ನೊಂದು ಯಂತ್ರದ ವೈರು ಕಿತ್ತು ಓಡಿಸಿದೆ, ಹಸಿರು. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಾಕಿದೆ. ನಮ್ಮ ಕಸುಬಿನಲ್ಲಿ ದಿಕ್ಕು ತೋಚದವರೆಲ್ಲ ಮಾಡುವುದು ಅದನ್ನೇ. ಆಗಲೂ ಹಸಿರು.

ಅಕ್ಕ ಯಾವುದನ್ನೂ ಮುಟ್ಟಲಿಲ್ಲ. ಒಂದು ಅಡಿಕೋಲನ್ನು ಯಂತ್ರದ ಪರದೆಗೆ ಅಡ್ಡ ಹಿಡಿದು, ಪ್ರೂಫ್ ನೋಡುವವರ ಹಾಗೆ, ಸಾಲು ಸಾಲಾಗಿ ಒಂದೊಂದೇ ಅಕ್ಷರ ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಕೋಲು ನಿಂತಿತು.

“ನಿಮ್ಮ ಪರೀಕ್ಷೆ ಈ ಪರದೆ ಮೇಲೆ ಯಾವ ಪದ ಹುಡುಕುತ್ತೆ?”

“‘ಎಚ್ಚರಿಕೆ’ ಅಂತ. ಗುಳ್ಳೆ ಬಂದಾಗ ಆ ಪದ ಕಾಣುತ್ತೆ.”

“ಇಲ್ಲಿ ನೋಡಿ.”

ಮೂಲೆಯಲ್ಲೊಂದು ಗುಂಡಿ. ಗುಳ್ಳೆ ಬರಲಿ ಬಿಡಲಿ, ಅದು ಸದಾ ಅಲ್ಲೇ ಇರುತ್ತದೆ. ಅದರ ಮೇಲೆ ಬರೆದಿತ್ತು: ‘ಎಚ್ಚರಿಕೆ ನಿಲ್ಲಿಸಿ’.

ಎರಡು ವರ್ಷದಿಂದ ನನ್ನ ಪರೀಕ್ಷೆ ಆ ಗುಂಡಿಯನ್ನು ಓದಿಕೊಂಡು ಪಾಸಾಗುತ್ತಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಈ ಹೆಂಗಸಿನ ಕಣ್ಣು ಎಂಥದ್ದಪ್ಪಾ ಎಂದು ಬೆರಗಾಯಿತು. ನಾನು ಕೆಲಸಕ್ಕೆ ಸೇರಿದಾಗಿನಿಂದ ಹಸಿರನ್ನು ಅನುಮಾನಿಸಿದವರು ಇವರೊಬ್ಬರೇ.

ಗುಂಡಿಯನ್ನು ಬಿಟ್ಟು ಹುಡುಕುವಂತೆ ತಿದ್ದಿದೆ. ಕೆಂಪು ಬಂತು.

“ಸದ್ಯ. ಈಗ ವೈರು ಸಿಕ್ಕಿಸಿ ಅಕ್ಕಾ, ಹಸಿರಾಗುತ್ತೆ. ಸಹಿ ಹಾಕ್ತೀನಿ.”

ಅಕ್ಕ ವೈರು ಸಿಕ್ಕಿಸಿದರು. ಮತ್ತೆ ಕೆಂಪು.

ನಂಬಿಕೆಯಾಗದೆ ಕೊಳವೆಗೆ ನಾನೇ ಗಾಳಿ ಬಿಟ್ಟೆ. ಗುಳ್ಳೆ ಕಣ್ಣೆದುರೇ ತೇಲಿಹೋಯಿತು. ಯಂತ್ರ ತೆಪ್ಪಗಿತ್ತು. ಪ್ರೋಗ್ರಾಮ್ ತೆಗೆದು ನೋಡಿದರೆ, ಹೋದ ತಿಂಗಳು ಪರದೆಯ ಬಣ್ಣ ಬದಲಿಸುವಾಗ ಯಾರೋ ಎಚ್ಚರಿಕೆ ಕೊಡಿಸುವ ಸಾಲನ್ನೇ ಅಳಿಸಿಬಿಟ್ಟಿದ್ದರು. ಮೂಕ ಯಂತ್ರಗಳನ್ನು ನಾನು ಮಕ್ಕಳ ಪಕ್ಕ ನಿಲ್ಲಿಸಲು ಹೊರಟಿದ್ದೆ.

ತಂಗಿಗೆ ಫೋನ್ ಮಾಡಿ, ಯಂತ್ರ ಈ ವಾರ ಬರುವುದಿಲ್ಲ ಎಂದೆ.

“ಇನ್ನೂ ಒಂದು ವಾರ ನಾನೇ ಹಾಸಿಗೆಯಿಂದ ಹಾಸಿಗೆಗೆ ಓಡ್ಬೇಕಾ ಅಣ್ಣಾ? ಯಾರು ಅಡ್ಡಗಾಲು ಹಾಕಿದ್ದು?”

ನಡೆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ.

“ಫೋನ್ ಅವರ ಕೈಗೆ ಕೊಡು,” ಅಂದಳು.

ಅಕ್ಕ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು, “ಆಗ್ಲಿ ಕಣಮ್ಮ. ಉಳಿದ ನಲವತ್ತು ಪರೀಕ್ಷೆಗೂ ಯಂತ್ರ ನಾನೇ ಕೆಡಿಸಿ ನೋಡ್ತೀನಿ. ಅಲ್ಲೀವರೆಗೆ ನಿಮ್ಮಣ್ಣನ ಮಾತು ನಂಬಬೇಡ.”