ನೆರಳಿನ ದಿಕ್ಕು

ಡ್ರಾಯಿಂಗ್ ಮೇಷ್ಟ್ರು ಮೌಸನ್ನು ಒತ್ತಿದರು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ್ದ ಪುಟದ ಕೆಂಪು ರಿಬ್ಬನ್ನು ಮಾಯವಾಯಿತು. ಅದರ ಜೊತೆಗೇ ಮೂಲೆಯ ಬಿಳಿ ಹೂವೂ ಹೋಯಿತು.

"ಹೂವೂ ರಿಬ್ಬನ್ನೂ ಒಂದೇ ಪದರಕ್ಕೆ ಸೇರಿಬಿಟ್ಟಿದೆ. ಇರಲಿ, ಪರವಾಗಿಲ್ಲ," ಎಂದರು ಮೇಷ್ಟ್ರು, ಮತ್ತೆ ಒತ್ತಿ ಎರಡನ್ನೂ ತರಿಸುತ್ತ. "ರಿಬ್ಬನ್ನಿನ ನೆರಳು ನೋಡಿ. ಕಾಗದಕ್ಕೆ ತಾಗಿದ ಕಡೆ ಗಾಢ, ಎದ್ದ ಕಡೆ ತೆಳು. ಮೂವತ್ತು ವರ್ಷ ಸ್ಕೂಲಲ್ಲಿ ಬಡಕೊಂಡರೂ ಒಬ್ಬರ ತಲೆಗೂ ಹೋಗಲಿಲ್ಲ ಇದು."

ಎಲ್ಲರೂ ಆ ಪುಟ ಮಾಡಿದ್ದ ಟೈಲರಮ್ಮನ ಕಡೆ ತಿರುಗಿದರು. ಅವಳು ನಗಲಿಲ್ಲ. ಹೂವು ಹೋದ ಕ್ಷಣದಲ್ಲೇ ಅವಳಿಗೆ ಗೊತ್ತಾಗಿತ್ತು. ಒಂದಾಗಿಸಬೇಕು ಅಂದುಕೊಂಡಿದ್ದು ಹೂವನ್ನೂ ರಿಬ್ಬನ್ನನ್ನೂ ಅಲ್ಲ. ಕೈ ತಪ್ಪಿ ಪದರಗಳ ಪಟ್ಟಿಯಲ್ಲಿ ಬೇರೆ ಸಾಲನ್ನು ಒತ್ತಿದ್ದಳು.

ಲೈಬ್ರರಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ಮೂರು ಗಂಟೆಗೆ ಈ ಎಂಟು ಜನ ಸೇರುತ್ತಿದ್ದರು. ಮನೆಯ ಫೋಟೋಗಳನ್ನು ಕಂಪ್ಯೂಟರಿನಲ್ಲೇ ಆಲ್ಬಮ್ಮಿನ ಪುಟವಾಗಿ ಅಲಂಕರಿಸುವ ಹುಚ್ಚು ಅವರದು. ಅಂಟಿಲ್ಲ, ಕತ್ತರಿಯಿಲ್ಲ, ಕಾಗದ, ಲೇಸು, ಗುಂಡಿ, ಎಲ್ಲವೂ ಪರದೆಯ ಮೇಲೆ ಪದರದ ಮೇಲೆ ಪದರ. ಪ್ರತಿ ಪದರದ ಪಕ್ಕದಲ್ಲೂ ಒಂದು ಪುಟ್ಟ ಕಣ್ಣಿನ ಗುರುತು; ಅದನ್ನು ಮುಚ್ಚಿದರೆ ಪದರ ಮರೆ, ತೆರೆದರೆ ಹಾಜರು. ಗುಂಪಿಗೆ ಇದ್ದದ್ದು ಒಂದೇ ನಿಯಮ. ಮುಗಿದ ಚಿತ್ರವನ್ನಷ್ಟೇ ತೋರಿಸಿ ಹೋಗುವಂತಿಲ್ಲ. ಪದರ ಪದರವಾಗಿ ಬಿಚ್ಚಬಹುದಾದ ಫೈಲನ್ನೇ ಎಲ್ಲರಿಗೂ ಕೊಡಬೇಕು. ಮಿಕ್ಕವರು ಅದನ್ನು ಬಿಚ್ಚಿ ನೋಡಿ ಕಲಿಯಬೇಕು.

ಈಗ ಗೋಡೆಯ ಮೇಲಿದ್ದದ್ದು ಟೈಲರಮ್ಮನ ಮಗಳ ಮದುವೆ. ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮಗಳು, ಅಳಿಯ, ಅವನ ಕಡೆಯ ನಾಲ್ಕು ಜನ. ಮಗಳ ಬಲಕ್ಕೆ ನೀಲಿ ಉಡುಪಿನಲ್ಲಿ ಟೈಲರಮ್ಮ. ಅರ್ಧ ಗಂಟೆಯ ಹಿಂದೆ, ಎಲ್ಲರೂ ಕುರ್ಚಿ ಎಳೆದುಕೊಳ್ಳುತ್ತಿದ್ದಾಗ, "ಆವತ್ತಿಡೀ ನನ್ನ ಕೈ ಬಿಡಲೇ ಇಲ್ಲ ನೋಡಿ ಅವಳು" ಎಂದಿದ್ದಳು. ಆ ಮಾತು ಇನ್ನೂ ಕೋಣೆಯಲ್ಲೇ ಇತ್ತು.

"ಮೇಷ್ಟ್ರೇ, ಕೆಳಗೆ ಇನ್ನೊಂದು ಪದರ ಕಾಣ್ತಿದೆಯಲ್ಲ," ಎಂದಳು ನರ್ಸು. ಗುಂಪಿನಲ್ಲಿ ಅವಳನ್ನು ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. "ಫೋಟೋ ಮೇಲೆ. ಅದರ ಕಣ್ಣೂ ಮುಚ್ಚಿ, ನೋಡೋಣ."

"ಅದೇನಿಲ್ಲ, ಬಿಡಿ. ಸುಮ್ನೆ ಬಣ್ಣ ಸರಿ ಮಾಡಿದ್ದು," ಎಂದಳು ಟೈಲರಮ್ಮ.

ಮೇಷ್ಟ್ರು ಒತ್ತಿದರು.

ಮೆಟ್ಟಿಲಿನ ಮೇಲಿಂದ ಟೈಲರಮ್ಮ ಹೋಗಿಬಿಟ್ಟಳು. ಫೋಟೋದ ಜೊತೆ ಒಂದಾಗಿಸಬೇಕು ಅಂದುಕೊಂಡಿದ್ದ ಪದರ ಇದೇ. ಅವಳಿದ್ದ ಜಾಗದಲ್ಲಿ ಕಚೇರಿಯ ಗೋಡೆಯೂ ಒಂದು ಬಕೆಟ್ಟೂ ಉಳಿದವು. ಮಗಳು ಮೊದಲಿನ ಹಾಗೇ ನಗುತ್ತಿದ್ದಳು, ಏನೂ ಕಡಿಮೆಯಾಗದವಳ ಹಾಗೆ.

ಮೇಷ್ಟ್ರು ಮತ್ತೆ ಒತ್ತಿದರು. ಅಮ್ಮ ಬಂದಳು. ಒತ್ತಿದರು, ಹೋದಳು. ಅವರಿಗೆ ಬೇರೆ ಯೋಚನೆಯಿರಲಿಲ್ಲ. ಅಂಚು ಎಷ್ಟು ನಯವಾಗಿ ಕತ್ತರಿಸಿದೆ ಎಂದು ನೋಡುತ್ತಿದ್ದರು.

"ಮದುವೆಗೆ ಹೋಗಿರಲಿಲ್ವಾ ನೀವು?" ಸಿಸ್ಟರ್ ಕೇಳಿದಳು.

"ಹೋಗಿದ್ದೆ. ಫೋಟೋ ತೆಗೆಯೋ ಹೊತ್ತಿಗೆ ಆ ಕಡೆ ಇದ್ದೆ."

"ಯಾವ ಕಡೆ?"

"ಊಟದ ಕಡೆ."

ನಿವೃತ್ತ ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿಕೊಂಡು ಗೋಡೆಯ ಹತ್ತಿರ ಹೋದರು. ತಮ್ಮ ನಾಯಿಯನ್ನು ಬಿಟ್ಟು ಬೇರೆ ಯಾವುದರ ಪುಟವನ್ನೂ ಮಾಡದ ಮನುಷ್ಯ. ಆದರೆ ಒಮ್ಮೆ ನೋಡಿದ್ದನ್ನು ಮರೆಯುವವರಲ್ಲ. "ಈ ನೀಲಿ ಉಡುಪು ನಿಮ್ಮ ಅಂಗಡಿಗೆ ಹತ್ತು ವರ್ಷ ತುಂಬಿದ ಪುಟದಲ್ಲೂ ಇತ್ತಲ್ಲಮ್ಮ. ಇಲ್ನೋಡಿ, ಸೊಂಟದ ಹತ್ತಿರ ಅಳತೆ ಟೇಪಿನ ತುದಿ ಉಳಕೊಂಡಿದೆ."

"ಟೇಪು ಕೊರಳಿಗೆ ಹಾಕ್ಕೊಂಡೇ ಹೋಗಿದ್ರೇನೋ," ಎಂದಳು ಸಿಸ್ಟರ್. "ಬೀಗರ ಅಳತೆ ತಗೊಳ್ಳೋಕೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು; ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಸುಮ್ಮನೆ ತಡೆಯಲಾಗದ್ದು.

ಟೈಲರಮ್ಮನೂ ಹೀಗೆ ನಗಿಸಿದವಳೇ. ಹೋದ ತಿಂಗಳು ಸಿಸ್ಟರ್ ತನ್ನ ತಾಯಿಯ ಕೊನೆಯ ದಿನಗಳ ಪುಟ ತಂದಿದ್ದಳು: ಹಾಸಿಗೆ, ಒಣಗಿದ ಕೈ, ಸುತ್ತ ಲೇಸಿನ ಅಂಚು. ಫೈಲು ಕೊಡಲು ಅವಳು ಹಿಂದೆಮುಂದೆ ನೋಡಿದಾಗ, "ರೂಲ್ ಅಂದ್ರೆ ರೂಲ್ ಸಿಸ್ಟರ್, ಅಮ್ಮ ಆದರೇನು" ಎಂದದ್ದು ಟೈಲರಮ್ಮ. ಬಿಚ್ಚಿ ನೋಡಿ, "ನಿಮ್ಮ ಲೇಸು ಕುಡಿದವನ ಹಾಗೆ ನಡೀತಿದೆ, ಪಾಪ, ಮುದುಕಿಗೆ ಸಾಯೋಕೂ ನೆಟ್ಟಗೆ ಜಾಗ ಕೊಟ್ಟಿಲ್ಲ" ಎಂದದ್ದೂ ಅವಳೇ. ಸೊಟ್ಟಗಿದ್ದದ್ದು ಅವಳ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದು ನಾಲಿಗೆಯಲ್ಲಿ ನಿಲ್ಲುತ್ತಿರಲಿಲ್ಲ. ಮಗಳಿಗೆ ಹದಿನಾಲ್ಕು ತುಂಬಿದ ಮೇಲೆ ಅವಳ ಬಟ್ಟೆಗಳನ್ನೆಲ್ಲ ಒಂದು ಅಳತೆ ಚಿಕ್ಕದಾಗಿ ಹೊಲಿಯುತ್ತಿದ್ದಳು. "ಬಿಗಿಯಾದರೆ ತಾನೇ ತಟ್ಟೆ ಮುಂದಿಂದ ಏಳ್ತಾಳೆ" ಎಂದು ಗಿರಾಕಿಗಳ ಎದುರೇ ಹೇಳುತ್ತಿದ್ದಳು. ಮದುವೆಗೆ ಮುಂಚೆ ಮಗಳು ಫೋನು ಮಾಡಿದ್ದು ಒಂದೇ ಸಲ. "ನೀನು ಬರಬೇಡ. ಬಂದರೆ ನಾನು ಮೆಟ್ಟಿಲು ಇಳಿದು ಹೋಗ್ತೀನಿ." ಫೋಟೋ ಸಿಕ್ಕಿದ್ದು ಅಳಿಯನ ಅಕ್ಕನಿಂದ, ಯಾರಿಗೂ ಹೇಳಬೇಡಿ ಎಂಬ ಮಾತಿನ ಜೊತೆಗೆ.

"ನಗೋದೇನಿದೆ ಇದರಲ್ಲಿ," ಎಂದರು ಮೇಷ್ಟ್ರು. ಅವರ ದನಿ ಮೆತ್ತಗಿತ್ತು. "ಇಲ್ಲದವರನ್ನ ಸೇರಿಸೋದು ತಪ್ಪಲ್ಲಮ್ಮ. ನಿಮ್ಮ ತಪ್ಪು ಬೇರೆ. ನೋಡಿ, ಎಲ್ಲರ ನೆರಳೂ ಎಡಕ್ಕೆ ಬಿದ್ದಿದೆ, ನಿಮ್ಮೊಬ್ಬರದು ಬಲಕ್ಕೆ. ರಿಬ್ಬನ್ನಿಗೆ ಕೊಟ್ಟ ಗಮನ ನಿಮಗೆ ನೀವು ಕೊಟ್ಟಿಲ್ಲ." ಆಮೇಲೆ ಗುಂಪಿನ ಕಡೆ ತಿರುಗಿದರು. "ಒಳ್ಳೇ ಪಾಠ ಸಿಕ್ಕಿತು. ಈ ಫೈಲು ಎಲ್ಲರೂ ತಗೊಳ್ಳಿ. ಆ ಪದರ ಅಳಿಸಿ, ಅವರು ನಿಂತಿದ್ದ ಜಾಗಕ್ಕೆ ನಿಮ್ಮನ್ನ ನೀವು ಸೇರಿಸಿಕೊಂಡು ಬನ್ನಿ. ಮುಂದಿನ ಶನಿವಾರಕ್ಕೆ."

"ಬೇಡ ಮೇಷ್ಟ್ರೇ," ಎಂದಳು ಟೈಲರಮ್ಮ. "ಅವಳು ನನ್ನ ಮಗಳು."

"ರೂಲ್ ಅಂದ್ರೆ ರೂಲ್," ಎಂದಳು ಸಿಸ್ಟರ್, ಪೆನ್‌ಡ್ರೈವಿಗೆ ಕೈ ಚಾಚುತ್ತ.

ಮುಂದಿನ ಶನಿವಾರ ಹೋಗಬಾರದು ಎಂದುಕೊಂಡಳು ಟೈಲರಮ್ಮ. ಆದರೆ ಆ ದಿನ ಬಂದಾಗ ಎರಡೂವರೆಗೇ ಅಂಗಡಿಯ ಬಾಗಿಲು ಎಳೆದಳು. ಹೋಗದಿದ್ದರೆ ಎಲ್ಲವನ್ನೂ ಒಪ್ಪಿಕೊಂಡ ಹಾಗೆ. ಅಲ್ಲದೆ, ಮಗಳ ಹೆಸರನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಆ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮೂರಕ್ಕೆ ಐದು ನಿಮಿಷವಿರುವಾಗ ಲೈಬ್ರರಿಯ ಮೆಟ್ಟಿಲು ಹತ್ತಿದಳು.

ಕಿಟಕಿಯ ಪರದೆ ಎಳೆದರು. ಒಂದರ ಹಿಂದೊಂದು ಪುಟ ಗೋಡೆಗೆ ಬಂತು. ಮಗಳ ಬಲಕ್ಕೆ ಪೋಸ್ಟ್‌ಮಾಸ್ಟರು, ಕಂಕುಳಲ್ಲಿ ನಾಯಿ. "ನಾಯಿ ನೆರಳೂ ಹಾಕಿದ್ದೀನಿ," ಎಂದರು. ಮಗಳ ಬಲಕ್ಕೆ ಮೇಷ್ಟ್ರು. ಮಗಳ ಬಲಕ್ಕೆ ಲೈಬ್ರರಿ ನೋಡಿಕೊಳ್ಳುವಾಕೆ, ಮದುವೆಗೆ ಬಂದವರ ಹಾಗೇ ಹಲ್ಲು ಬಿಟ್ಟುಕೊಂಡು. ಪ್ರತಿ ಸಲವೂ ಮಗಳು ಅದೇ ನಗು ನಕ್ಕಳು.

ಕೊನೆಯದು ಸಿಸ್ಟರಿನದು. ಅವಳು ಹಾಗೆ ನಿಂತಿದ್ದಳು: ಮಗಳು ತಲೆ ವಾಲಿಸಿದ್ದೇ ಅವಳ ಭುಜಕ್ಕೆ ಎಂಬ ಹಾಗೆ. ಸುತ್ತಲಿನ ಲೇಸು ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು.

"ಟೈಲರಮ್ಮ, ನಿಮ್ಮ ಕಣ್ಣು ಸೂಕ್ಷ್ಮ," ಎಂದರು ಮೇಷ್ಟ್ರು. "ಎಲ್ಲಾದರೂ ತಪ್ಪಿದೆಯಾ, ಹೇಳಿ."

ಅವಳು ಎದ್ದು ಗೋಡೆಯ ತೀರ ಹತ್ತಿರ ಹೋದಳು. ಮೆಟ್ಟಿಲುಗಳನ್ನು ನೋಡಿದಳು. ಎಲ್ಲರ ನೆರಳೂ ಎಡಕ್ಕೆ, ಸಿಸ್ಟರಿನದೂ ಎಡಕ್ಕೆ.

"ಸರಿಯಾಗಿದೆ," ಎಂದಳು. ಆದರೂ ಕುರ್ಚಿಗೆ ಹಿಂತಿರುಗಲಿಲ್ಲ. ಮಗಳ ಉಡುಪಿನ ತೋಳು ಸೇರುವ ಕಡೆ ಬೆರಳಿಟ್ಟಳು. "ಇಲ್ಲಿ ಹೊಲಿಗೆ ಒಂದು ಬೆರಳಷ್ಟು ಸಡಿಲ ಇದೆ."

"ಅದು ಫೋಟೋದಲ್ಲೇ ಇರೋದು," ಎಂದಳು ಸಿಸ್ಟರ್. "ಸ್ವಲ್ಪ ಪಕ್ಕಕ್ಕೆ ಬನ್ನಿ. ಅಡ್ಡ ನಿಂತಿದ್ದೀರಿ, ಕಾಣ್ತಿಲ್ಲ."

ಟೈಲರಮ್ಮ ಹಿಂದಕ್ಕೆ ತಿರುಗಿದಳು. ಪ್ರೊಜೆಕ್ಟರಿನ ಬೆಳಕಿನಲ್ಲಿ ಮಗಳ ಬಿಳಿ ತೋಳು ಅವಳ ಎದೆಯ ಮೇಲೆ ಬಿದ್ದಿತ್ತು. ಅವಳು ಪಕ್ಕಕ್ಕೆ ಸರಿದಳು. ತೋಳು ಅವಳ ಮೈಯಿಂದ ಜಾರಿ ಗೋಡೆಯ ಮೇಲೆ ತನ್ನ ಜಾಗಕ್ಕೆ ಹೋಗಿ ಕೂತಿತು.